ತಂದೆ ತೀರಿಕೊಂಡ ಮೇಲೆ ಕಿಸಾನ್ ಹಣ ನಿಂತಿದೆ, ಬೆಳೆ ಪರಿಹಾರ ಅರೆಬರೆ ಬಂದಿದೆ: ಎಲ್ಲಿ ತಪ್ಪಿದೆ?

ಪ್ರಶ್ನೆ: ಹಾವೇರಿ ಜಿಲ್ಲೆಯ ಒಂದು ಹಳ್ಳಿಯವನು ನಾನು. ಅಪ್ಪನ ಹೆಸರಿನಲ್ಲಿ 3 ಎಕರೆ 20 ಗುಂಟೆ ಒಣಬೇಸಾಯದ ಹೊಲ ಇತ್ತು. ಅವರು 2021ರ ಜೂನ್‌ನಲ್ಲಿ ತೀರಿಕೊಂಡರು. ಆಮೇಲೆಯೂ ಅವರ ಖಾತೆಗೆ ಪಿಎಂ ಕಿಸಾನ್‌ನ ಎರಡು ಕಂತು ಬಂತು, ನಾವು ತೆಗೆದುಕೊಂಡು ಖರ್ಚು ಮಾಡಿದೆವು. 2022ರಲ್ಲಿ ವಾರಸಾ ಮಾಡಿಸಿ ಅವ್ವ, ಅಣ್ಣ, ನಾನು ಮೂವರ ಹೆಸರು ಜಂಟಿಯಾಗಿ ಉತಾರಕ್ಕೆ (ಪಹಣಿಗೆ) ಏರಿತು. ಅವ್ವ ಮತ್ತು ನಾನು ಕಿಸಾನ್‌ಗೆ ಹೊಸದಾಗಿ ಹೆಸರು ಹಚ್ಚಿದೆವು, ಕೆಲವು ಕಂತು ಬಂದು ಈಗ ಇಬ್ಬರದೂ ನಿಂತಿದೆ. 2025ರ ಮುಂಗಾರಿನಲ್ಲಿ ಗೋವಿನಜೋಳ ನೀರು ನಿಂತು ಹಾಳಾಯಿತು. ನನಗೆ ಬಂದ ಪರಿಹಾರ 4,013 ರೂಪಾಯಿ. ಮಗ್ಗುಲ ಹೊಲದವರಿಗೆ 3 ಎಕರೆಗೆ 20 ಸಾವಿರದ ಮೇಲೆ ಬಂದಿದೆ. ಉತಾರದಲ್ಲಿ ನಮ್ಮ ಬೆಳೆ ಹತ್ತಿ ಅಂತ ಇದೆ, ಅದಕ್ಕೇ ಕಡಿಮೆ ಅಂತ ಕೆಲವರು, ರಾಜಕೀಯ ಅಂತ ಕೆಲವರು ಹೇಳುತ್ತಾರೆ. ಸೈಬರ್ ಅಂಗಡಿಯವರು 1,500 ಕೊಟ್ಟರೆ ಹಳೆಯದನ್ನು ತೆಗೆದು ಹೊಸ ನೋಂದಣಿ ಮಾಡಿಕೊಡುತ್ತೇನೆ ಎನ್ನುತ್ತಾರೆ. ಮಾಡಿಸಲೇ? ಅಣ್ಣ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. ಪಾಲು ಮಾಡಿಕೊಂಡರೆ ಸರಿಹೋಗುತ್ತದೆಯೇ? ಲಾವಣಿಗೆ (ಗುತ್ತಿಗೆಗೆ) ಮಾಡಿದ 2 ಎಕರೆಯ ಪರಿಹಾರ ಮಾಲೀಕರಿಗೆ ಹೋಗಿದೆ, ಅದಕ್ಕೆ ದಾರಿ ಇದೆಯೇ?

ಉತ್ತರ: ಮೊದಲು ತುರ್ತಿನ ಮಾತು. ಹೊಸ ನೋಂದಣಿ ಮಾಡಿಸಬೇಡಿ, 1,500 ರೂಪಾಯಿ ಕೊಡಬೇಡಿ. ಕಾರಣ ಮುಂದೆ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ಪಿಎಂ ಕಿಸಾನ್ ಮತ್ತು ಬೆಳೆ ಪರಿಹಾರ ಒಂದರೊಳಗೊಂದು ಸೇರಿಕೊಂಡಿವೆ. ಎರಡರ ಹಣದ ಮೂಲ ಬೇರೆ, ನಿಯಮ ಬೇರೆ, ನಿಲ್ಲುವ ಕಾರಣವೂ ಬೇರೆ. ಬಿಡಿಸಿ ನೋಡಿದರೆ ಮೂರು ನಾಲ್ಕು ದಾಖಲೆಗಳಲ್ಲಿ ಹೊಂದಾಣಿಕೆ ತಪ್ಪಿರುವುದು ಕಾಣುತ್ತದೆ. ಪ್ರತಿಯೊಂದನ್ನೂ ಅದರದರ ಕಚೇರಿಯಲ್ಲೇ ಸರಿಪಡಿಸಬೇಕು.

4,013 ರೂಪಾಯಿಯಿಂದ ಶುರು ಮಾಡೋಣ, ಏಕೆಂದರೆ ಆ ಅಂಕಿಯೇ ಬಹಳಷ್ಟು ಹೇಳುತ್ತದೆ. 2025ರಲ್ಲಿ ಜಾರಿಯಲ್ಲಿದ್ದ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಂತೆ ಒಣಬೇಸಾಯದ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಬೆಳೆ ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು, ಒಬ್ಬ ರೈತನಿಗೆ ಗರಿಷ್ಠ 2 ಹೆಕ್ಟೇರ್, ಅಂದರೆ ಹತ್ತಿರಹತ್ತಿರ 4 ಎಕರೆ 38 ಗುಂಟೆ. 2025ರ ಅತಿವೃಷ್ಟಿಗೆ ರಾಜ್ಯ ಸರ್ಕಾರ ಇದರ ಮೇಲೆ ಎಲ್ಲ ಬಗೆಯ ಬೆಳೆಗೂ ಹೆಕ್ಟೇರಿಗೆ ಇನ್ನೂ 8,500 ರೂಪಾಯಿ ಸೇರಿಸಿತು. ಒಣಬೇಸಾಯಕ್ಕೆ ಅದು 17,000 ಆಯಿತು. ಮೂಲ ಮೊತ್ತ ಮತ್ತು ರಾಜ್ಯದ ಹೆಚ್ಚುವರಿ ಮೊತ್ತ ಒಟ್ಟಿಗೆ ಬರಲಿಲ್ಲ, ಬೇರೆ ಬೇರೆಯಾಗಿ ಜಮೆಯಾದವು.

ಈಗ ನಿಮ್ಮ ಲೆಕ್ಕ. 3 ಎಕರೆ 20 ಗುಂಟೆ ಎಂದರೆ 140 ಗುಂಟೆ, ಹೆಕ್ಟೇರಿನಲ್ಲಿ 1.416. ಮೂರು ಪಾಲು ಮಾಡಿದರೆ ಒಬ್ಬರಿಗೆ 0.472. ಅದನ್ನು 8,500ರಿಂದ ಗುಣಿಸಿ ನೋಡಿ: 4,013 ರೂಪಾಯಿ. ನಿಮಗೆ ಬಂದಿರುವುದು ಸರಿಯಾಗಿ ನಿಮ್ಮ ಮೂರನೇ ಒಂದು ಪಾಲಿನ ಮೂಲ ಮೊತ್ತ. ಯಾರೂ ಕಡಿತ ಮಾಡಿಲ್ಲ, ಬೆಳೆ ತಪ್ಪಾಗಿ ಬರೆದದ್ದರಿಂದ ಕಡಿಮೆಯಾಗಿಯೂ ಇಲ್ಲ. ಹತ್ತಿಯಾಗಲಿ ಗೋವಿನಜೋಳವಾಗಲಿ ಒಣಬೇಸಾಯದಲ್ಲಿ ದರ ಒಂದೇ. ಮಗ್ಗುಲ ಹೊಲದವರ 3 ಎಕರೆ ಒಬ್ಬರದೇ ಹೆಸರಿನಲ್ಲಿದ್ದು ಎರಡೂ ಮೊತ್ತ ಬಂದಿದ್ದರೆ 20,639 ಆಗುತ್ತದೆ. ಅವರಿಗೂ ನಿಯಮದ ಲೆಕ್ಕವೇ ಹೋಗಿದೆ.

ಹಾಗಾದರೆ ನಿಮ್ಮ ಮನೆಗೆ ಒಟ್ಟು ಬರಬೇಕಾದದ್ದು 24,079 ರೂಪಾಯಿ. ಸಿಕ್ಕಿದ್ದು 4,013. ಉಳಿದದ್ದು ಮೂರು ಕಡೆ ಸಿಕ್ಕಿಕೊಂಡಿರಬೇಕು: ನಿಮ್ಮದೇ ಪಾಲಿನ ಹೆಚ್ಚುವರಿ 4,013, ತಾಯಿಯ 8,026, ಅಣ್ಣನ 8,026.

ಪಾಲು ಯಾರ ಹೆಸರಿನಲ್ಲಿ ಎಷ್ಟು ಎಂಬುದನ್ನು ಪರಿಹಾರ ತಂತ್ರಾಂಶ ರಾಜ್ಯದ ರೈತರ ನೋಂದಣಿ ವ್ಯವಸ್ಥೆಯಾದ ಫ್ರೂಟ್ಸ್ ದಾಖಲೆಯಿಂದ ತೆಗೆದುಕೊಳ್ಳುತ್ತದೆ. ಫ್ರೂಟ್ಸ್‌ನಲ್ಲಿ ಎಫ್‌ಐಡಿ (ರೈತ ಗುರುತಿನ ಸಂಖ್ಯೆ) ಇಲ್ಲದ ಹಕ್ಕುದಾರನಿಗೆ ಹಣ ಹೋಗುವ ದಾರಿಯೇ ಇರುವುದಿಲ್ಲ. ಬೆಂಗಳೂರಿನಲ್ಲಿರುವ ಅಣ್ಣ ಎಫ್‌ಐಡಿ ಮಾಡಿಸಿರುವ ಸಾಧ್ಯತೆ ಕಡಿಮೆ. ಊರು ಬಿಟ್ಟವರ ವಿಷಯದಲ್ಲಿ ಇದು ತೀರಾ ಸಾಮಾನ್ಯ. ಆಧಾರ್, ಉತಾರ, ಬ್ಯಾಂಕ್ ಪಾಸ್‌ಬುಕ್, ಒಂದು ಫೋಟೊ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅವರೇ ಒಂದು ದಿನ ಬಂದರೆ ಕೆಲಸ ಆಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಾದರೆ ಜಾತಿ ಪ್ರಮಾಣಪತ್ರವನ್ನೂ ತರಲಿ. ಎಫ್‌ಐಡಿ ಆದ ಮೇಲೆ ಸುಮ್ಮನೆ ಕೂರಬೇಡಿ, ಅದರ ಸಂಖ್ಯೆಯನ್ನು ಗ್ರಾಮ ಆಡಳಿತಾಧಿಕಾರಿಗೆ ಬರವಣಿಗೆಯಲ್ಲಿ ಕೊಡಿ. ಆ ಹಂಗಾಮಿನ ಪರಿಹಾರದ ದಾಖಲಾತಿ ಮುಚ್ಚಿದ್ದರೆ ತಹಶೀಲ್ದಾರರ ಮೂಲಕವೇ ಕೇಳಬೇಕಾಗುತ್ತದೆ, ಆಗ ಸಿಗುವ ಖಾತರಿ ಇಲ್ಲ. ಮುಂದಿನ ಹಂಗಾಮಿಗಾದರೂ ಅವರ ಪಾಲು ತಪ್ಪುವುದಿಲ್ಲ.

ತಾಯಿಯ ಹಣ ಬಹುಶಃ ಬಂದಿದೆ, ನೀವು ನೋಡದ ಖಾತೆಗೆ. ಆಧಾರ್ ಆಧಾರಿತ ಪಾವತಿಯಲ್ಲಿ ನೀವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆ ಲೆಕ್ಕಕ್ಕೆ ಬರುವುದಿಲ್ಲ. ಎನ್‌ಪಿಸಿಐ ಎಂಬ ಬ್ಯಾಂಕ್ ಪಾವತಿ ಸಂಸ್ಥೆಯ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಇರುತ್ತದೆ, ಕೊನೆಗೆ ಯಾವ ಬ್ಯಾಂಕು ಮ್ಯಾಪ್ ಮಾಡಿಸಿತೋ ಅದು. ಮೊಬೈಲ್ ಸಿಮ್ ಕೊಳ್ಳುವಾಗ, ಸಂಘದ ಸಾಲಕ್ಕೆ, ಅಂಚೆ ಕಚೇರಿಯಲ್ಲಿ ಪಿಂಚಣಿಗೆ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡು ಖಾತೆ ತೆರೆದಾಗ ಮ್ಯಾಪಿಂಗ್ ಅಲ್ಲಿಗೆ ಜಿಗಿಯಬಹುದು. 2017ರಲ್ಲಿ ಲಕ್ಷಾಂತರ ಜನರ ಗ್ಯಾಸ್ ಸಬ್ಸಿಡಿ ಅವರಿಗೆ ಗೊತ್ತಿಲ್ಲದೆ ಒಂದು ಪೇಮೆಂಟ್ಸ್ ಬ್ಯಾಂಕಿನ ಖಾತೆಗಳಿಗೆ ಹೋಗಿದ್ದು ಹೀಗೆಯೇ. ‘ಬ್ಯಾಂಕಿಗೆ ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಅಷ್ಟಕ್ಕೇ ನಂಬಿ ಬರಬೇಡಿ. ಲಿಂಕ್ ಎಂದರೆ ಖಾತೆಯಲ್ಲಿ ನಿಮ್ಮ ಆಧಾರ್ ಸಂಖ್ಯೆ ಬರೆದುಕೊಂಡಿದ್ದಾರೆ, ಅಷ್ಟೇ. ಸರ್ಕಾರದ ಹಣ ಅಲ್ಲಿಗೆ ಬರಬೇಕಾದರೆ ಎನ್‌ಪಿಸಿಐ ಮ್ಯಾಪಿಂಗ್ ಆಗಬೇಕು, ಅದಕ್ಕೆ ಬೇರೆ ಒಪ್ಪಿಗೆ ನಮೂನೆಗೆ ಸಹಿ ಹಾಕಿಕೊಡಬೇಕು.

ನೋಡುವುದು ಸುಲಭ. ಆಧಾರ್‌ನ ಜಾಲತಾಣದಲ್ಲಿ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ ಸ್ಥಿತಿ ತೆರೆದರೆ ಯಾವ ಬ್ಯಾಂಕ್, ಸಕ್ರಿಯವೋ ಅಲ್ಲವೋ ಎಂದು ತೋರಿಸುತ್ತದೆ. ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿರಬೇಕು. ಮ್ಯಾಪಿಂಗ್ ಬದಲಿಸಲು ಹಳೆಯ ಬ್ಯಾಂಕಿಗೆ ಹೋಗಬೇಕಿಲ್ಲ, ಹಣ ಬೇಕಾದ ಶಾಖೆಯಲ್ಲಿ ಹಳೆಯ ಬ್ಯಾಂಕಿನ ಹೆಸರು ನಮೂದಿಸಿ ನಮೂನೆ ಕೊಟ್ಟರೆ ಸಾಕು. ಆಗಲೇ ಖಾತೆಯ ಕೆವೈಸಿ ಬಾಕಿ ಇದೆಯೇ ಎಂದೂ ಕೇಳಿ. ಹತ್ತು ವರ್ಷ ದಾಟಿದ ಜನಧನ ಖಾತೆಗಳಲ್ಲಿ ಮರು ಕೆವೈಸಿ ಆಗದೆ ವ್ಯವಹಾರ ತಡೆಹಿಡಿದಿರುವುದು ಬಹಳ ಇದೆ. ಸರ್ವೆ ನಂಬರಿಗೆ ಯಾವ ಮೊತ್ತ ಯಾವ ಬ್ಯಾಂಕಿಗೆ ಹೋಗಿದೆ ಎಂಬುದು ಕಂದಾಯ ಇಲಾಖೆಯ ಪರಿಹಾರ ಪಾವತಿ ಪುಟದಲ್ಲಿ ವರ್ಷ, ಹಂಗಾಮು, ವಿಪತ್ತಿನ ಬಗೆ ಆರಿಸಿ ಹುಡುಕಿದರೆ ಸಿಗುತ್ತದೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲೂ ರಾಜ್ಯದಿಂದ ಬಂದ ಹಣದ ವಿವರ ಇರುತ್ತದೆ. ತಾಯಿಯ ಆಧಾರ್‌ನಲ್ಲಿ ಇದನ್ನು ನೋಡಿ, ಆಮೇಲೆ ಆ ಬ್ಯಾಂಕಿಗೆ ಪಾಸ್‌ಬುಕ್ ನಮೂದಿಸಲು ಹೋಗಿ. ಬಂದ ಪರಿಹಾರವನ್ನು ಬೆಳೆಸಾಲಕ್ಕೆ ಜಮಾ ಹಾಕಿಕೊಂಡಿದ್ದರೆ ವ್ಯವಸ್ಥಾಪಕರಿಗೆ ಲಿಖಿತ ಆಕ್ಷೇಪ ಕೊಡಿ, ಪ್ರತಿಯನ್ನು ಜಿಲ್ಲೆಯ ಲೀಡ್ ಬ್ಯಾಂಕ್ ಕಚೇರಿಗೂ ತಹಶೀಲ್ದಾರರಿಗೂ ಕಳಿಸಿ. 2024ರ ಬರ ಪರಿಹಾರದ ವೇಳೆ ಹಾಗೆ ಮಾಡಬಾರದೆಂದು ಸರ್ಕಾರ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತ್ತು.

ರಾಜಕೀಯದ ಮಾತು. ಪಾವತಿಯ ಹಂತದಲ್ಲಿ ಊರಿನ ಯಾರ ಕೈಯೂ ಆಡುವುದಿಲ್ಲ, ಅದು ಯಂತ್ರದ ಕೆಲಸ. ಮನುಷ್ಯರ ಕೈ ಇರುವುದು ಅದಕ್ಕೂ ಮೊದಲು, ಎರಡು ಕಡೆ: ಹೊಲಕ್ಕೆ ಬಂದು ಬೆಳೆ ಫೋಟೊ ತೆಗೆಯುವ ಬೆಳೆ ಸಮೀಕ್ಷೆಯಲ್ಲಿ, ಮತ್ತು ನಷ್ಟ ಎಷ್ಟು ಎಂದು ಬರೆಯುವ ಜಂಟಿ ಸಮೀಕ್ಷೆಯಲ್ಲಿ. ಅನ್ಯಾಯವಾಗುವುದಾದರೆ ಅಲ್ಲಿ ಆಗುತ್ತದೆ. ಇಡೀ ಸರ್ವೆ ನಂಬರನ್ನೇ ಪಾಳು ಎಂದು ಬರೆದುಬಿಟ್ಟರೆ ಪರಿಹಾರ ಸೊನ್ನೆ. ನೀರಾವರಿ ಹೊಲವನ್ನು ಒಣಬೇಸಾಯ ಎಂದರೆ ಮೂಲ ಮೊತ್ತ ಅರ್ಧ. ಆದ್ದರಿಂದ ಹಣ ಬಂದಿಲ್ಲ ಎಂದು ಜನವರಿಯಲ್ಲಿ ಜಗಳಾಡುವುದಕ್ಕಿಂತ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬೆಳೆ ದರ್ಶಕ ಆ್ಯಪ್ ತೆರೆದು ನಿಮ್ಮ ಸರ್ವೆ ನಂಬರಿಗೆ ಏನು ಬರೆದಿದ್ದಾರೆ, ಯಾವ ಫೋಟೊ ಹಾಕಿದ್ದಾರೆ ನೋಡುವುದು ಎಷ್ಟೋ ಉಪಯೋಗ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಅದಕ್ಕಿಂತ ಒಳ್ಳೆಯದು, ಮುಂಗಾರು ಸಮೀಕ್ಷೆ ಶುರುವಾದಾಗ ರೈತರ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನೀವೇ ಹೊಲದಲ್ಲಿ ನಿಂತು ಫೋಟೊ ಹಾಕುವುದು.

ನಿಮ್ಮ ಹತ್ತಿ, ಗೋವಿನಜೋಳದ ಗೊಂದಲ ಈ ಸಲದ ಪರಿಹಾರಕ್ಕೆ ಪೆಟ್ಟು ಕೊಟ್ಟಿಲ್ಲ, ನಿಜ. ಆದರೆ ಅದನ್ನು ಹಾಗೇ ಬಿಡಬೇಡಿ. ಗೋವಿನಜೋಳಕ್ಕೆ ವಿಮೆ ತುಂಬಿ ಸಮೀಕ್ಷೆಯಲ್ಲಿ ಹತ್ತಿ ಎಂದಿದ್ದರೆ ವಿಮೆಯ ಹಣ ತಿರಸ್ಕಾರವಾಗುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲೂ ಇದೇ ದಾಖಲೆ ನೋಡುತ್ತಾರೆ.

ಇನ್ನು ಪಿಎಂ ಕಿಸಾನ್. ಇಲ್ಲಿ ನಿಮ್ಮ ತೊಡಕು ಬೇರೆ ತರದ್ದು. ಈ ಯೋಜನೆಗೆ 2019ರ ಫೆಬ್ರವರಿ 1 ಗಡಿ ದಿನಾಂಕ. ಅದಾದ ಮೇಲೆ ಜಮೀನು ಕೊಂಡವರು, ದಾನಪತ್ರದಿಂದ ಪಡೆದವರು ಅರ್ಹರಲ್ಲ. ಆದರೆ ಜಮೀನುದಾರ ತೀರಿಕೊಂಡು ವಾರಸುದಾರರಿಗೆ ಹಕ್ಕು ಬಂದಿದ್ದರೆ ಆ ಗಡಿ ಅನ್ವಯಿಸುವುದಿಲ್ಲ. 2025ರಲ್ಲಿ ಕೇಂದ್ರ ಕೃಷಿ ಸಚಿವಾಲಯ ಅನುಮಾನಾಸ್ಪದ ಪ್ರಕರಣಗಳನ್ನು ಗುರುತಿಸಿ, ಸ್ಥಳ ಪರಿಶೀಲನೆ ಆಗುವವರೆಗೆ ಕಂತು ತಡೆಹಿಡಿಯಿತು. ಗುರುತಿಸಿದ ಬಗೆ ಮುಖ್ಯವಾಗಿ ಎರಡು: ಗಡಿ ದಿನಾಂಕದ ನಂತರ ಹಕ್ಕು ಪಡೆದವರು, ಮತ್ತು ಒಂದೇ ಕುಟುಂಬದಲ್ಲಿ ಒಬ್ಬರಿಗಿಂತ ಹೆಚ್ಚು ಜನ ಪಡೆಯುತ್ತಿರುವವರು. ನಿಮ್ಮ ಮನೆ ಎರಡೂ ಬಲೆಗೆ ಬೀಳುತ್ತದೆ. 2022ರ ಮ್ಯುಟೇಶನ್ (ಉತಾರದಲ್ಲಿ ಹಕ್ಕು ಬದಲಾವಣೆ) ದಿನಾಂಕ ನೋಡಿದ ಯಂತ್ರಕ್ಕೆ ನೀವು ಹೊಸ ಜಮೀನುದಾರರು. ತಾಯಿ, ಮಗ ಇಬ್ಬರ ಹೆಸರೂ ಇದೆ. ಇದು ಅನರ್ಹತೆಯ ತೀರ್ಮಾನವಲ್ಲ, ಪರಿಶೀಲನೆ ಬಾಕಿ ಎಂದಷ್ಟೇ ಅರ್ಥ.

ಕುಟುಂಬ ಎಂದರೆ ಈ ಯೋಜನೆಯಲ್ಲಿ ಗಂಡ, ಹೆಂಡತಿ ಮತ್ತು 18 ತುಂಬದ ಮಕ್ಕಳು. ‘ಒಂದು ರೇಷನ್ ಕಾರ್ಡಿಗೆ ಒಂದೇ’ ಎಂಬುದು ಊರ ಮಾತು, ನಿಯಮದಲ್ಲಿ ಇಲ್ಲ. ವಯಸ್ಸಿಗೆ ಬಂದ ನೀವು ಒಂದು ಕುಟುಂಬ, ತಾಯಿ ಇನ್ನೊಂದು, ಅಣ್ಣ ಮತ್ತೊಂದು. ಜಂಟಿ ಖಾತೆಯಲ್ಲಿ ಹೆಸರಿರುವ ಪ್ರತಿ ಕುಟುಂಬಕ್ಕೂ ವರ್ಷಕ್ಕೆ 6,000 ರೂಪಾಯಿಯ ಅರ್ಹತೆ ಬೇರೆಬೇರೆಯಾಗಿ ಇದೆ. ನೀವು ಮತ್ತು ನಿಮ್ಮ ಹೆಂಡತಿ ಇಬ್ಬರೂ ಪಡೆಯುವಂತಿಲ್ಲ ಅಷ್ಟೇ. ಅಣ್ಣನಿಗೆ ಕಂಪನಿ ಸಂಬಳ ಇರುವುದು ಅಡ್ಡಿಯಲ್ಲ, ಹಿಂದಿನ ತೆರಿಗೆ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದ್ದರೆ ಮಾತ್ರ ಅರ್ಹತೆ ಹೋಗುತ್ತದೆ. ಬೆಳೆ ಪರಿಹಾರಕ್ಕೆ ಆ ನಿರ್ಬಂಧ ಇಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ನೌಕರಿಯಲ್ಲಿರುವ ಎಷ್ಟೋ ಜನ ಪರಿಹಾರವನ್ನೂ ಬಿಟ್ಟುಕೊಡುತ್ತಾರೆ.

ಪಿಎಂ ಕಿಸಾನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ಸ್ಥಿತಿ ತೆರೆಯಿರಿ. ಮೂರು ಸಾಲು ನೋಡಬೇಕು: ಇ-ಕೆವೈಸಿ, ಲ್ಯಾಂಡ್ ಸೀಡಿಂಗ್ (ನೋಂದಣಿಗೆ ಜಮೀನಿನ ದಾಖಲೆಯ ಜೋಡಣೆ), ಆಧಾರ್ ಬ್ಯಾಂಕ್ ಸೀಡಿಂಗ್. ಮೊದಲನೆಯದು ‘ಇಲ್ಲ’ ಎಂದಿದ್ದರೆ ಒಟಿಪಿಯಿಂದ ಮನೆಯಲ್ಲೇ ಆಗುತ್ತದೆ. ಹೆಬ್ಬೆಟ್ಟಿನ ಗೆರೆ ಸವೆದು ತಾಯಿಯ ಬಯೋಮೆಟ್ರಿಕ್ ಹಿಡಿಯದಿದ್ದರೆ ಯೋಜನೆಯ ಮೊಬೈಲ್ ಆ್ಯಪ್‌ನಲ್ಲಿ ಮುಖ ತೋರಿಸಿ ಮಾಡಬಹುದು. ಆ್ಯಪ್ ಅನ್ನು ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಬರುವ ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲ್ ಒತ್ತಿ ಖಾತೆ ಖಾಲಿ ಮಾಡಿಕೊಂಡವರಿದ್ದಾರೆ. ಲ್ಯಾಂಡ್ ಸೀಡಿಂಗ್ ‘ಇಲ್ಲ’ ಎಂದಿದ್ದರೆ ಅಥವಾ ಅರ್ಹತೆ ಪರಿಶೀಲನೆಯಲ್ಲಿದೆ ಎಂದಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಕಾಗದ ಕೊಡಬೇಕು. ಅಲ್ಲಿ ಹೆಚ್ಚಿನವರು ಉತಾರ ಮಾತ್ರ ಒಯ್ಯುತ್ತಾರೆ, ಅದು ಸಾಲದು. ಉತಾರದಲ್ಲಿ ಈಗ ಯಾರ ಹೆಸರಿದೆ ಎಂದು ಕಾಣುತ್ತದೆ, ಹೇಗೆ ಬಂತು ಎಂಬುದಕ್ಕೆ 10ನೇ ಕಾಲಮ್ಮಿನಲ್ಲಿ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರ್ ಮಾತ್ರ ಇರುತ್ತದೆ. ಆ ನಂಬರಿನ ಮ್ಯುಟೇಶನ್ ನಕಲು ತೆಗೆಸಿ, ಅದರಲ್ಲಿ ಪೌತಿ ಅಥವಾ ವಾರಸಾ ಎಂದು ಬರೆದಿರುವ ಜಾಗ ಗುರುತು ಮಾಡಿ. ಜೊತೆಗೆ ತಂದೆಯ ಮರಣ ಪ್ರಮಾಣಪತ್ರ, ವಂಶವೃಕ್ಷ, 2019ಕ್ಕಿಂತ ಹಿಂದಿನ ವರ್ಷದ ಒಂದು ಹಳೆ ಪಹಣಿ ಲಗತ್ತಿಸಿ. ತಂದೆಯ ಹೆಸರಿನಲ್ಲಿ ಜಮೀನು ಆ ದಿನಾಂಕಕ್ಕೆ ಮುಂಚೆಯೇ ಇತ್ತು ಎಂದು ತೋರಿಸುವುದು ಆ ಹಳೆ ಪಹಣಿ.

ಹೊಸ ನೋಂದಣಿ ಬೇಡ ಎಂದದ್ದು ಇದಕ್ಕೆ. ಆಧಾರ್ ಒಂದೇ ಆದ್ದರಿಂದ ಹಳೆಯದು ಇರುವಾಗ ಹೊಸದು ತಿರಸ್ಕಾರವಾಗುತ್ತದೆ. ಹಾಗೆಂದು ಅಂಗಡಿಯವರು ‘ಹಳೆಯದನ್ನು ತೆಗೆಯಲು’ ಸ್ವಯಂ ಬಿಟ್ಟುಕೊಡುವ ಗುಂಡಿ ಒತ್ತಿದರೆ ನೀವು ಯೋಜನೆಯಿಂದಲೇ ಹೊರಗೆ, ಮತ್ತೆ ಸೇರುವ ಅವಕಾಶ ಇರುವುದಿಲ್ಲ. ಹಳೆಯ ನೋಂದಣಿಯಲ್ಲೇ ದೋಷ ಸರಿಪಡಿಸಿದರೆ ತಡೆದಿಟ್ಟ ಬಾಕಿ ಕಂತುಗಳೂ ಸೇರಿ ಬರುತ್ತವೆ ಎಂದು ಸರ್ಕಾರ ಸಂಸತ್ತಿನಲ್ಲೇ ತಿಳಿಸಿದೆ. ಅದನ್ನು ಕಳೆದುಕೊಳ್ಳಬೇಡಿ. ಕಿಸಾನ್ ಹಣದ ಜೊತೆಗೆ ರಾಜ್ಯದಿಂದ ವರ್ಷಕ್ಕೆ ಬರುತ್ತಿದ್ದ ಹೆಚ್ಚುವರಿ 4,000 ರೂಪಾಯಿಗಾಗಿ ಮಾತ್ರ ಕಾಯಬೇಡಿ, 2019ರಲ್ಲಿ ಶುರುವಾದ ಅದು 2023ರಲ್ಲಿ ನಿಂತಿದೆ.

ತೀರಿಕೊಂಡ ಮೇಲೆ ತಂದೆಯ ಖಾತೆಗೆ ಬಂದ ಎರಡು ಕಂತಿನ 4,000 ರೂಪಾಯಿಯನ್ನು ನೀವಾಗಿಯೇ ಹಿಂದಿರುಗಿಸಿ. ಇದನ್ನು ಒತ್ತಿ ಹೇಳುತ್ತೇನೆ. ಮೃತರ ಹೆಸರಿನಲ್ಲಿ ಪಡೆದ ಕಂತು ವಸೂಲಿಗೆ ಒಳಪಡುತ್ತದೆ, ಅದು ಬಾಕಿ ಇರುವಾಗ ವಾರಸುದಾರರ ಕಡತ ಸರಾಗವಾಗಿ ಸಾಗಲಿ ಎಂದು ಬಯಸುವುದು ಕಷ್ಟ. ಜಾಲತಾಣದಲ್ಲೇ ಮರುಪಾವತಿಯ ವಿಭಾಗವಿದೆ, ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಇಲಾಖೆ ಸೂಚಿಸುವ ಖಾತೆಗೆ ಕಟ್ಟಬಹುದು. ನಗದಾಗಿ ಯಾರ ಕೈಗೂ ಕೊಡಬೇಡಿ. ರಸೀದಿಯ ಪ್ರತಿಯನ್ನು ಮೇಲಿನ ಅರ್ಜಿಗೆ ಸೇರಿಸಿ.

ಪಾಲು ಮಾಡಿಕೊಳ್ಳುವ ವಿಚಾರ. ಬೇಸಾಯದ ದೃಷ್ಟಿಯಿಂದ, ಸಾಲದ ದೃಷ್ಟಿಯಿಂದ ಪಾಲು, ಪೋಡಿ (ಅಳತೆ ಮಾಡಿಸಿ ಸರ್ವೆ ನಂಬರ್ ಬೇರೆ ಮಾಡುವುದು) ಒಳ್ಳೆಯದೇ. ಆದರೆ ಕಂತು ಬರಲಿ ಎಂದು ಈಗಲೇ ಅವಸರ ಮಾಡಿದರೆ ತೊಡಕು ಹೆಚ್ಚುತ್ತದೆ. ವಿಭಾಗ ಪತ್ರದಿಂದ ಹೊಸ ಮ್ಯುಟೇಶನ್ ಆಗುತ್ತದೆ, ಹೊಸ ದಿನಾಂಕ ಬೀಳುತ್ತದೆ, ವಾರಸಾ ಎಂಬುದು ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಮರೆಯಾಗುತ್ತದೆ. ಪೋಡಿ ಆದಾಗ ಹಿಸ್ಸಾ ನಂಬರ್ ಬದಲಾಗುತ್ತದೆ, ಎಫ್‌ಐಡಿಯಲ್ಲಿ ಮಾತ್ರ ಹಳೆಯ ನಂಬರೇ ಕೂತಿರುತ್ತದೆ. ಲ್ಯಾಂಡ್ ಸೀಡಿಂಗ್ ತಪ್ಪುವುದಕ್ಕೆ ಇದೂ ದೊಡ್ಡ ಕಾರಣ. ಕಿಸಾನ್ ಪರಿಶೀಲನೆ ಮುಗಿಯುವವರೆಗೆ ತಡೆದು, ಆಮೇಲೆ ಪೋಡಿ ಮಾಡಿಸಿ, ಹೊಸ ಉತಾರ ಕೈಗೆ ಬಂದ ವಾರದಲ್ಲೇ ಎಫ್‌ಐಡಿಗೆ ಹೊಸ ನಂಬರ್ ಸೇರಿಸಿ. ತಾಯಿಯಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಅವರ ಕಿಸಾನ್ ಅರ್ಹತೆ, ಪರಿಹಾರದ ಪಾಲು, ಎಲ್ಲಕ್ಕಿಂತ ಮುಖ್ಯವಾಗಿ ಇಳಿವಯಸ್ಸಿನಲ್ಲಿ ಅವರಿಗಿರುವ ಭೂಮಿಯ ಹಕ್ಕು ಒಂದೇ ಸಹಿಯಲ್ಲಿ ಹೋಗುತ್ತದೆ.

ಲಾವಣಿ ಹೊಲದ ವಿಷಯದಲ್ಲಿ ಸಿಹಿಯಾದ ಉತ್ತರ ಇಲ್ಲ. ಕರ್ನಾಟಕದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್‌ನಿಂದ ಸಾಗುವಳಿ ಜಮೀನಿನ ಗೇಣಿಯನ್ನು, ಸೈನಿಕರಂಥ ಕೆಲವೇ ವಿನಾಯಿತಿ ಬಿಟ್ಟು, ನಿಷೇಧಿಸಿದೆ. ಹಾಗಾಗಿ ಲಾವಣಿ ಯಾವ ದಾಖಲೆಯಲ್ಲೂ ಕಾಣದು, ಪಿಎಂ ಕಿಸಾನ್ ಮತ್ತು ಪರಿಹಾರ ಎರಡೂ ಉತಾರದಲ್ಲಿ ಹೆಸರಿರುವವರಿಗೇ ಹೋಗುತ್ತವೆ. ಬೀಜ, ಗೊಬ್ಬರ, ಆಳಿನ ಖರ್ಚು ಹಾಕಿ ಬೆಳೆ ಕಳೆದುಕೊಂಡವನಿಗೆ ಬಿಡಿಗಾಸೂ ಬರದಿರುವುದು ಈ ವ್ಯವಸ್ಥೆಯ ದೊಡ್ಡ ಕೊರತೆ. ಸರ್ಕಾರ ಇದನ್ನು ಸರಿಪಡಿಸಲೇಬೇಕು. ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದು ಯುಗಾದಿಯ ಹೊತ್ತಿಗೆ ಲಾವಣಿ ಮಾತಾಡುವಾಗಲೇ, ಊರ ಹಿರಿಯರಿಬ್ಬರ ಎದುರು, ಬೆಳೆ ಹೋದರೆ ಪರಿಹಾರ ಯಾರಿಗೆ, ಲಾವಣಿ ಹಣದಲ್ಲಿ ಎಷ್ಟು ಬಿಡುವುದು ಎಂದು ತೀರ್ಮಾನಿಸುವುದು. ಮಾಲೀಕರ ಹೆಸರಿನ ಪಾಸ್‌ಬುಕ್, ಎಟಿಎಂ ಕಾರ್ಡು ನಿಮ್ಮ ಬಳಿ ಇಟ್ಟುಕೊಳ್ಳುವ ಪದ್ಧತಿ ಕೆಲವು ಕಡೆ ಇದೆ. ಅದಕ್ಕೆ ಹೋಗಬೇಡಿ, ಜಗಳವಾದರೆ ಪೊಲೀಸ್ ಕೇಸಾಗುವುದು ನಿಮ್ಮ ಮೇಲೆ.

ಕೊನೆಗೆ ತಹಶೀಲ್ದಾರರಿಗೆ ಕೊಡುವ ಅರ್ಜಿ. ‘ಪರಿಹಾರ ಬಂದಿಲ್ಲ, ದಯವಿಟ್ಟು ಕೊಡಿಸಿ’ ಎಂದು ಬರೆದರೆ ಅದಕ್ಕೆ ಯಾರೂ ಉತ್ತರಿಸಲಾರರು. ಹೀಗೆ ಬರೆಯಿರಿ: ‘ಸರ್ವೆ ನಂಬರ್ ಇಷ್ಟು, ಒಟ್ಟು ವಿಸ್ತೀರ್ಣ 3 ಎಕರೆ 20 ಗುಂಟೆ, ಜಂಟಿ ಹಕ್ಕುದಾರರು ಮೂವರು. 2025ರ ಮುಂಗಾರು ಬೆಳೆಹಾನಿಗೆ ನನ್ನ ಪಾಲಿನ ಮೂಲ ಮೊತ್ತ 4,013 ರೂಪಾಯಿ ಜಮೆಯಾಗಿದೆ. ರಾಜ್ಯದ ಹೆಚ್ಚುವರಿ ಮೊತ್ತ ಜಮೆಯಾಗಿಲ್ಲ. ತಾಯಿಯವರ ಎಫ್‌ಐಡಿಗೆ ಹಣ ಬಿಡುಗಡೆಯಾಗಿದೆಯೇ, ಆಗಿದ್ದರೆ ಯಾವ ದಿನ ಯಾವ ಬ್ಯಾಂಕಿಗೆ, ಆಗಿಲ್ಲದಿದ್ದರೆ ತಂತ್ರಾಂಶ ತೋರಿಸುವ ಕಾರಣವೇನು ತಿಳಿಸಬೇಕು. ಅಣ್ಣನವರ ಎಫ್‌ಐಡಿ ಈಗ ಆಗಿದ್ದು, ಸಂಖ್ಯೆ ಲಗತ್ತಿಸಿದೆ.’ ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ತಿಂಗಳೊಳಗೆ ಉತ್ತರ ಬರದಿದ್ದರೆ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಇಲ್ಲವೇ ಇದೇ ಪ್ರಶ್ನೆಗಳನ್ನು 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಅಲ್ಲಿ 30 ದಿನದೊಳಗೆ ಉತ್ತರಿಸುವುದು ಕಡ್ಡಾಯ. ಪಿಎಂ ಕಿಸಾನ್‌ಗೆ ಸಂಬಂಧಿಸಿದ ದೂರನ್ನು ಇದರಲ್ಲಿ ಸೇರಿಸಬೇಡಿ, ಅದಕ್ಕೆ 155261 ಸಹಾಯವಾಣಿ ಮತ್ತು ಕೃಷಿ ಇಲಾಖೆಯ ಅರ್ಜಿ ಬೇರೆಯೇ ಇರಲಿ.